ಮೂರು ಎರಡು ಎರಡು ಮೂರು

ಸೋಮವಾರ, ಬೆಳಿಗ್ಗೆ

ಮತ್ತೆ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಜೊಂಡಿನ ಪಟ್ಟಿ, ರೀಡ್, ಸೀಳಿಹೋಗಿದೆ. ಹೊಸದನ್ನು ಬಾಯಲ್ಲಿ ನೆನೆಸಿಕೊಂಡೇ ಅಂಗಡಿ ಬಾಗಿಲು ತೆಗೆದೆ. ಅಮ್ಮ ಹೊಲಿಗೆ ಮೆಷಿನ್ ಮುಂದೆ ಕೂತವಳೇ ಶುರು ಹಚ್ಚಿಕೊಂಡಳು.

“ತಾತ ದೇವರ ಮುಂದೆ ಹಾಡಿದ್ದನ್ನ ನೀನು ಕುಡಿಯೋರ ಮುಂದೆ ಊದ್ತೀಯಲ್ಲೇ!”

ಬಾಯಲ್ಲಿ ರೀಡ್ ಇದ್ದದ್ದು ಪುಣ್ಯ. ಇಲ್ಲದಿದ್ದರೆ ಮಾತಿಗೆ ಮಾತು ಬೆಳೆಯುತ್ತಿತ್ತು.

ತಾತ ನಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಹಾಡುತ್ತಿದ್ದವರು. ಆ ಧಾಟಿಯನ್ನು ಮೊದಲ ಸಲ ಊದಿದ ದಿನ ನಮ್ಮ ತಂಡದ ಮೇಷ್ಟ್ರು ತಂತಿಯ ಮೇಲಿನ ಕೈ ತೆಗೆದುಬಿಟ್ಟಿದ್ದರು. “ಇದು ನಮ್ಮಜ್ಜಿ ತೊಟ್ಟಿಲು ತೂಗುವಾಗ ಹಾಡ್ತಿದ್ದಿದ್ದು ಕಣಮ್ಮ! ನಿನಗೆ ಯಾರು ಕೊಟ್ಟರು?” ಅವರು ಅರಬ್ಬರು, ನಾವು ಯಹೂದಿಗಳು. ಊದ್ ಎಂಬ ಡೊಳ್ಳುಹೊಟ್ಟೆಯ ತಂತಿವಾದ್ಯ ಅವರದು. ಹೆಸರಿಗೆ ಊದ್, ಊದುವವಳು ಮಾತ್ರ ನಾನು. ಎರಡು ಹಾಡಿಗೂ ಒಂದೇ ಒಂದು ಸ್ವರದ ವ್ಯತ್ಯಾಸ. ಅವರ ಸ್ವರ ನನ್ನ ಎರಡು ಸ್ವರಗಳ ಸಂದಿಯಲ್ಲಿ ಕೂತಿರುತ್ತದೆ. ತುಟಿ ಸಡಿಲಿಸಿ ಹುಡುಕಬೇಕು. ಸಿಕ್ಕಿದಾಗ ಮೈ ಜುಮ್ಮೆನ್ನುತ್ತದೆ.

ಸಂಜೆ

ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸ್. ಡ್ರಮ್ಸ್‌ನವನು ಹುಟ್ಟಾ ಜಾಝ್‌ನವನು, ಅವನಿಗೆ ಜಗತ್ತೇ ನಾಲ್ಕು ನಾಲ್ಕರ ತಾಳ. ಅದಕ್ಕೇ ನಾವು ಅವನಿಗಿಟ್ಟ ಹೆಸರೂ ನಾಲ್ಕ. ನಮ್ಮ ಹಾಡಿನದು ಹತ್ತರ ತಾಳ — ಮೂರು, ಎರಡು, ಎರಡು, ಮೂರು. ಇವನು ಕೊನೆಯ ಮೂರರಲ್ಲಿ ಒಂದು ಬಾರಿಸಿ, ಉಳಿದೆರಡನ್ನು ನುಂಗಿ ನೀರು ಕುಡಿಯುತ್ತಾನೆ. ಮೇಷ್ಟ್ರು ತಲೆ ಚಚ್ಚಿಕೊಂಡರು. ಭಾನುವಾರ ಕಾರ್ಯಕ್ರಮ. ದೇವರೇ ಗತಿ.

ಬುಧವಾರ

ಬೀದಿ ತುಂಬ ನಮ್ಮ ಪೋಸ್ಟರ್‌ಗೆ ಟಾರ್ ಬಳಿದಿದ್ದಾರೆ. ನನ್ನ ಮುಖಕ್ಕೂ, ಮೇಷ್ಟ್ರ ಮುಖಕ್ಕೂ. ನಾಲ್ಕನ ಮುಖ ಮಾತ್ರ ಹಲ್ಲು ಕಿರಿಯುತ್ತಾ ಹಾಗೇ ಇದೆ.

ಮಧ್ಯಾಹ್ನ ಫೋನ್. “ಭಾನುವಾರ ಊದಿದ್ರೆ ಸೋಮವಾರ ಊದೋಕೆ ತುಟಿ ಇರಲ್ಲ ಮಗಳೇ.” ಮಗಳೇ ಎಂದ. ಥೇಟ್ ನಮ್ಮ ಚಿಕ್ಕಪ್ಪಂದಿರ ಮಾತಿನ ಧಾಟಿ. ಕೈಯಲ್ಲಿದ್ದ ಕತ್ತರಿ ಬಿದ್ದುಹೋಯಿತು.

ಮೇಷ್ಟ್ರಿಗೂ ಫೋನ್ ಬಂದಿದೆಯಂತೆ, ಅವರ ಕಡೆಯವರಿಂದ. “ಇಬ್ಬರಿಗೂ ಒಂದೇ ಬೈಗುಳ. ಅದಾದರೂ ಒಂದಾಯ್ತಲ್ಲ!” ಅಂತ ನಗುತ್ತಾರೆ. ನನಗೆ ನಗು ಬರಲಿಲ್ಲ. ನಿಲ್ಲಿಸಿಬಿಡೋಣ ಎಂದೆ.

“ಒಂದು ಸಲ ಹೆದರಿ ಊರು ಬಿಟ್ಟಿದ್ದೀನಿ ಕಣಮ್ಮ. ಆಗ ಸಣ್ಣಗಿದ್ದೆ. ಈ ಹೊಟ್ಟೆ ಇಟ್ಟುಕೊಂಡು ಇನ್ನೊಂದು ಸಲ ಓಡೋಕಾಗಲ್ಲ.”

ಶುಕ್ರವಾರ, ಸಂಜೆ

ಪ್ರಾಕ್ಟೀಸ್ ಹೊತ್ತಿಗೆ ಎದುರು ಗೋಡೆಗೆ ಒಬ್ಬ ಒರಗಿ ನಿಂತಿದ್ದ. ಮೊನ್ನೆಯೂ ಇದ್ದ. ಬೆರಳು ತೊಡೆಯ ಮೇಲೆ ಆಡುತ್ತಿತ್ತು. ಮೂರು, ಎರಡು, ಎರಡು, ಮೂರು — ಒಂದೂ ತಪ್ಪಲಿಲ್ಲ. ಪರವಾಗಿಲ್ಲ, ಒಬ್ಬನಾದರೂ ತಾಳಜ್ಞಾನ ಇರುವವನು ಸಿಕ್ಕಿದ ಎಂದು ಖುಷಿಯಾಯಿತು. ಕಿಟಕಿಯಿಂದ ನಕ್ಕೆ. ಅವನು ನಗಲಿಲ್ಲ.

ಅವನು ಹಾಡು ಕೇಳಲು ಬಂದವನಲ್ಲ ಎಂದು ಆಮೇಲೆ ಹೊಳೆಯಿತು. ಕಿಟಕಿ ಮುಚ್ಚಿದೆ.

ಇನ್ನು ಮೇಲೆ ತಾಳ ಹಾಕಿ ತಟ್ಟಿದರೆ ಮಾತ್ರ ಬಾಗಿಲು ತೆಗೆಯುವುದು ಅಂತ ಮೇಷ್ಟ್ರು ಹೇಳಿದರು. ನಾಲ್ಕ ಹೊರಗೆ ಹೋಗಿ ತಟ್ಟಿ ನೋಡಿದ. ಮೂರು, ಎರಡು, ಎರಡು, ಒಂದು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಮ್ಮನೂ.

“ಸತ್ತರೂ ಬರಲ್ಲ ಕಣ್ರೀ ನನಗೆ! ತಪ್ಪಾಗಿ ತಟ್ಟಿದ್ರೆ ನಾನೇ ಅಂತ ತಿಳ್ಕೊಳ್ಳಿ,” ಎಂದ.

ಅವರಿಬ್ಬರೂ ಹೊರಟ ಮೇಲೆ ಅಮ್ಮ ಸೂಜಿಗೆ ದಾರ ಪೋಣಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು. “ಎರಡನೇ ಸಾಲು ಅಷ್ಟು ಎಳೀಬೇಡ. ನಿಮ್ಮ ತಾತ ಅಲ್ಲಿ ಉಸಿರು ತಗೋತಿದ್ದರು.” ಅಳು ಬಂತು. ತೋರಿಸಿಕೊಳ್ಳಲಿಲ್ಲ.

ಭಾನುವಾರ, ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ. ಮೇಷ್ಟ್ರ ಮನೆಗೆ ಕಲ್ಲು ಬಿತ್ತು. ಊದ್ ಅಪ್ಪಿಕೊಂಡು ನಮ್ಮಲ್ಲಿಗೇ ಬಂದಿದ್ದಾರೆ. ಹಣೆಗೆ ಪಟ್ಟಿ ಕಟ್ಟಿದ್ದು ಅಮ್ಮ. ಅಂಗಡಿಯ ಒಳ್ಳೇ ಬಟ್ಟೆ ಹರಿದು.

ಕಾರ್ಯಕ್ರಮ ಬೇಡವೆಂದು ಹಾಲ್‌ನವರು ಹೇಳಿಲ್ಲ. ಹೇಳಲಿ ಎಂದು ಕಾಯುತ್ತಿದ್ದೇನೆ, ನಾಚಿಕೆಗೇಡು. ಅಮ್ಮ ಬರುತ್ತಾಳಂತೆ. ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ! ಈಗ ಬೇಡವೆಂದರೆ ನನ್ನನ್ನು ನಾನೇ ಕ್ಷಮಿಸುವುದಿಲ್ಲ.

ಸಂಜೆ

ನಾಲ್ಕ ವ್ಯಾನ್ ತರಲು ಹೋದವನು ಇನ್ನೂ ಬಂದಿಲ್ಲ. ಫೋನ್ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಟ್ರಾಫಿಕ್ ಇರಬೇಕು ಎಂದರು ಮೇಷ್ಟ್ರು. ಎದುರು ಗೋಡೆಯ ಹತ್ತಿರ ಇವತ್ತು ಯಾರೂ ಇಲ್ಲ. ಅದಕ್ಕೇ ಇನ್ನೂ ಭಯ.

ಅಮ್ಮ ಒಳ್ಳೇ ಉಡುಪು ತೊಟ್ಟು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದಾಳೆ. ರೀಡ್ ಒಣಗಿತು, ಮತ್ತೆ ನೆನೆಸಿದೆ. ಬರೆಯುತ್ತಾ ಕೂತರೆ ಗಡಿಯಾರ ನೋಡುವುದು ಸ್ವಲ್ಪ ಕಡಿಮೆ…

ಹೊರಗೆ ವ್ಯಾನ್ ನಿಂತ ಸದ್ದು. ಅಬ್ಬ.

ತಟ್ಟುತ್ತಿದ್ದಾನೆ. ಮೂರು. ಎರಡು. ಎರಡು.

ಮೂರು.

“ಭೇಷ್! ಕೊನೆಗೂ ಕಲಿತುಬಿಟ್ಟನಲ್ಲ!” — ಮೇಷ್ಟ್ರ ಮುಖ ಅರಳಿದೆ. ಅಮ್ಮ ಎದ್ದಳು, ಚಿಲಕಕ್ಕೆ ಕೈ ಹಾಕಿದಳು. ಆದರೆ ಅವನಿಗೆ ಸತ್ತರೂ