ಬೋಜಣ್ಣ ಕೊನೆಗೆ ಹೇಳಿದ್ದು

30 ಆಗಸ್ಟ್ 2022, ಮಂಗಳವಾರ
ಬಿನ್ ಒಮ್ರಾನ್

ಪೂವಕ್ಕನಿಗೆ ಇವತ್ತು ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಬೋಜಣ್ಣ ಈ ಕೊಲ್ಲಿ ದೇಶದ ಗಾಲ್ಫ್ ಮೈದಾನದಲ್ಲಿ ಹನ್ನೆರಡು ವರ್ಷ ಹುಲ್ಲು ಕತ್ತರಿಸಿದವರು. ನಾಲ್ಕು ವರ್ಷದಿಂದ ನನ್ನ ರೂಮಿನಲ್ಲೇ ಇದ್ದರು. ಗುರುವಾರ ಸಂಜೆ ಅಮೆರಿಕದ ಗಾಲ್ಫ್ ವರ್ಷ ಮುಗಿಸುವ ಪ್ಲೇಆಫ್‌ನ ಕೊನೆಯ ಟೂರ್ನಿ ಶುರುವಾಗುವುದಿತ್ತು. ಟಿವಿ ಮುಂದೆ ಕುಳಿತು ನನಗೆ ವಿವರಿಸುತ್ತಿದ್ದರು.

"2007ರಲ್ಲಿ ಇದು ಶುರುವಾದಾಗ ಬರೀ ಅಂಕದ ಲೆಕ್ಕ ಮಾರಾಯ್ರೆ, ತಲೆಬುಡ ಅರ್ಥ ಆಗ್ತಿರಲಿಲ್ಲ. ಈಗ ಹಾಗಲ್ಲ. ನೂರಿಪ್ಪತ್ತೈದು ಜನರಲ್ಲಿ ಕೊನೆಗೆ ಉಳಿಯುವುದು ಮೂವತ್ತು ಮಂದಿ. ಕಡಿಮೆ ಹೊಡೆದವನು ಗೆಲ್ಲುವ ಆಟ ಅಲ್ವಾ, ಪಟ್ಟಿಯಲ್ಲಿ ಮೊದಲನೆಯವನಿಗೆ ಹೊರಡುವಾಗಲೇ ಹತ್ತು ಹೊಡೆತದ ಲಾಭ. ಕೊನೆಯವರಿಗೆ..."

ಅಷ್ಟರಲ್ಲಿ ಎದೆ ಹಿಡಿದುಕೊಂಡರು. ಆಂಬುಲೆನ್ಸ್ ಬರುವ ಮೊದಲೇ ಎಲ್ಲ ಮುಗಿದಿತ್ತು.

ಇವತ್ತು ಅವರನ್ನು ಮಂಗಳೂರಿನ ವಿಮಾನಕ್ಕೆ ಕಳಿಸಿ ಬಂದೆ. ಸಂಜೆ ಅವರ ಹೆಂಡತಿ ಪೂವಕ್ಕ ಫೋನ್ ಮಾಡಿದರು.

"ಕೊನೆಗೆ ಎಂತ ಹೇಳಿದ್ರು?"

"ನಿಮ್ಮ ಹೆಸರು ಹೇಳಿದ್ರು ಅಕ್ಕ."

ಪೂವಕ್ಕ ಮೆಲ್ಲಗೆ, "ಅವರು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಗಾಲ್ಫಿನದ್ದೇ ಹೇಳ್ತಿದ್ರಲ್ವಾ? ಹೇಳಿ, ನನಗೆ ಬೇಜಾರಿಲ್ಲ" ಅಂದರು.

ನಾಚಿಕೆಯಿಂದ ಎಲ್ಲ ಹೇಳಿದೆ. ಬೋಜಣ್ಣ ಅರ್ಧಕ್ಕೆ ಬಿಟ್ಟ ಮಾತನ್ನೂ ಮುಗಿಸಿದೆ: ಕೊನೆಯವರಿಗೆ ಯಾವ ಲಾಭವೂ ಇಲ್ಲ, ಸೊನ್ನೆಯಿಂದ ಹೊರಡಬೇಕು. ಭಾನುವಾರ ಗೆದ್ದವನು ಮೊದಲನೆಯವನಿಗಿಂತ ಆರು ಹೊಡೆತ ಹಿಂದಿನಿಂದ ಹೊರಟವನು ಎಂದೂ ಹೇಳಿದೆ.

"ಅದು ಅವರಿಗೆ ಗೊತ್ತಾಗಲೇ ಇಲ್ಲ ಅಲ್ವಾ?" ಅಂದರು ಪೂವಕ್ಕ.

ಈ ಐದು ದಿನದಲ್ಲಿ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ. ಇವತ್ತು ಕೇಳಿದೆ. ಫೋನ್ ಇಡಲು ಮನಸ್ಸಾಗದೆ ಹಾಗೇ ಹಿಡಿದುಕೊಂಡು ಕುಳಿತೆ.