ಮೂಗಿನ ಬಳಿಯ ಸಂದು

ಹೊಸಪೇಟೆ
ಬುಧವಾರ, 30 ಫೆಬ್ರವರಿ 2187

ಕಂಪ್ಯೂಟರಿಗೆ ತಂತಿ ಜೋಡಿಸಿ ನೀವು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದ ವಿಆರ್ ಹೆಡ್‌ಸೆಟ್‌ಗಳ ಪೈಕಿ ನಮ್ಮ ಪ್ರಾಂತ್ಯದಲ್ಲಿ ಉಳಿದಿರುವುದು ಒಂದೇ. ಅದು ನಿನ್ನೆ ಹನ್ನೊಂದು ನಿಮಿಷ ಬೆಳಗಿ ಆರಿತು. ನನ್ನ ಹೆಂಡತಿ ನೀಲಗಂಗಾಗೆ ಅದರಿಂದ ಪ್ರಯೋಜನವಾಗಲಿಲ್ಲ. ಈ ಸುದ್ದಿಯನ್ನು ಮೊದಲು ತಿಳಿಸಿದವರು ಅದನ್ನು ದುರಸ್ತಿ ಮಾಡಿದ ಫರ್ಜಾನಾ ಮುಲ್ಲಾ. ಸಂಜೆ ಅವಳ ವೈದ್ಯರು ಅದನ್ನೇ ಲಿಖಿತವಾಗಿ ದೃಢಪಡಿಸಿದರು.

ತಾರೀಖು ತಪ್ಪಿಲ್ಲ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಈ ಪತ್ರ 2016ರ ಆಸುಪಾಸಿನಲ್ಲಿ ಆ ಯಂತ್ರ ಕೊಂಡವರಿಗೆ. ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನನ್ನ ಬಳಿ ಬೇರೆ ಪದಗಳಿಲ್ಲ.

ನಿಮ್ಮ ಹೆಡ್‌ಸೆಟ್ಟಿನ ವಂಶದ್ದೇ ನಮ್ಮ ಮುಸುಕು. ಹಣೆಯಿಂದ ಗದ್ದದವರೆಗೆ ಚರ್ಮದಂತೆ ಅಂಟಿಕೊಳ್ಳುತ್ತದೆ, ಭಾರವಿಲ್ಲ. ನೀಲಗಂಗಾ ಹನ್ನೊಂದು ವರ್ಷಗಳಿಂದ ಅದನ್ನು ಧರಿಸಿ ಕಾಲುವೆಗಳ ತೂಬು ಎತ್ತಿ ಇಳಿಸುವ ಕೆಲಸ ಮಾಡುತ್ತಾಳೆ. ಒಂದು ಪಾಳಿಗೆ ನಾಲ್ಕು ತಿಂಗಳು. ಕೆಲಸದವರಿಗೆ ಮನೆಯ ನೆನಪು ಕಾಡದಿರಲಿ ಎಂದು ಮುಸುಕಿನೊಳಗೆ ಅವರವರ ಮನೆಯ ಪಡಿಯಚ್ಚನ್ನು ಇಟ್ಟಿರುತ್ತಾರೆ. ಅಲ್ಲಿ ನಮ್ಮ ಅಡುಗೆಮನೆ ಇದೆ, ನಾನೂ ಇದ್ದೇನೆ. ಪಾಳಿ ಮುಗಿದವರನ್ನು ಕಳಚುಮನೆ ಎಂಬಲ್ಲಿ ಮೂರು ದಿನ ಮಲಗಿಸಿ ಮುಸುಕು ತೆಗೆಯುತ್ತಾರೆ. ತೆಗೆದ ಕೂಡಲೇ ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿಯುವುದು ಪದ್ಧತಿ. ಮುಸುಕಿನಲ್ಲಿ ವಾಸನೆ ಇರುತ್ತಿರಲಿಲ್ಲ, ಆದ್ದರಿಂದ ಇಂಗು ಮೂಗಿಗೆ ಬಡಿದರೆ ಹೊರಗೆ ಬಂದಂತೆ. ಮೂರು ವರ್ಷಗಳ ಹಿಂದೆ ಮುಸುಕಿಗೆ ವಾಸನೆಯೂ ಬಂತು. ಡಬ್ಬಿ ಹಿಡಿಯುವುದು ಮಾತ್ರ ನಿಂತಿಲ್ಲ.

ಡಿಸೆಂಬರಿನಲ್ಲಿ ಮನೆಗೆ ಬಂದ ನೀಲಗಂಗಾ ತಾನು ಹೊರಗೆ ಬಂದಿದ್ದೇನೆಂದು ನಂಬುತ್ತಿಲ್ಲ. ಪ್ರತಿ ಬಾಗಿಲಲ್ಲೂ ನಿಂತು ಗೋಡೆಗೆ ಅಂಗೈ ಒತ್ತಿ ನೋಡುತ್ತಾಳೆ. ನನ್ನೊಡನೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಾಳೆ, ಮೊದಲು ಹಾಗಿರಲಿಲ್ಲ. ಪಕ್ಕದ ಮನೆಯ ಹುಲಿಗೆಮ್ಮ ಬಂದು ಸೊಸೆಯ ಮೇಲಿನ ದೂರನ್ನೆಲ್ಲ ಅರ್ಧ ಗಂಟೆ ಹೇಳಿಕೊಂಡರು. ಅವರು ಹೋದ ಮೇಲೆ, ಈಕೆಯನ್ನು ಬಲು ಚೆನ್ನಾಗಿ ಮಾಡಿದ್ದಾರೆ ಎಂದಳು. ಒಂದು ಬೆಳಿಗ್ಗೆ ನಾನು ಸುಟ್ಟ ರೊಟ್ಟಿ ಪೂರ್ತಿ ಸೀದುಹೋಯಿತು. ಅದನ್ನು ಅತ್ತಿತ್ತ ತಿರುಗಿಸಿ ನೋಡಿ, "ನಿಮ್ಮ ಕೈಗುಣನೂ ಬಿಟ್ಟಿಲ್ಲ ನೋಡ್ರಿ, ಅದನ್ನೂ ಹಾಕ್ಯಾರ" ಎಂದು ನಕ್ಕಳು. ನನಗೂ ನಗು ಬಂತು.

ಕಳೆದ ವಾರ ಅವಳು ಕಾಯಂ ಮುಸುಕಿಗೆ ಅರ್ಜಿ ಹಾಕಿದಳು. ಕಾಯಂ ಎಂದರೆ ಮತ್ತೆ ಕಳಚುವುದಿಲ್ಲ. ಅರ್ಜಿಯನ್ನು ಅವಳೇ ಹಿಂತೆಗೆದುಕೊಳ್ಳಬೇಕು, ಗಂಡನಿಗೆ ಆ ಹಕ್ಕಿಲ್ಲ. ಕಾರಣ ಕೇಳಿದೆ. "ಅದರಾಗ ಇದ್ದರ, ಅದು ಮುಸುಕು ಅಂತಾದರೂ ಗೊತ್ತಿರತೈತಿ. ಇಲ್ಲಿ ಏನೂ ಗೊತ್ತಾಗವಲ್ದು" ಎಂದಳು.

ನಿಮ್ಮ ಯಂತ್ರವನ್ನು ಬಳಸಿ ನೋಡೋಣ ಎಂದವರು ವೈದ್ಯರು. ಅದರ ಚಿತ್ರ ಜರಡಿಯಲ್ಲಿ ನೋಡಿದಂತೆ ಚುಕ್ಕಿಚುಕ್ಕಿ, ಹಣೆಗೆ ಭಾರ, ತಂತಿ ಕಾಲಿಗೆ ತೊಡರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮೂಗಿನ ಬಳಿ ಒಂದು ಸಂದಿತ್ತು. ಅದರಿಂದ ಬೆಳಕು ಒಳಬರುತ್ತಿತ್ತು, ನೆಲ ಕಾಣುತ್ತಿತ್ತು. ಚಿತ್ರವನ್ನೂ ತನ್ನ ಕಾಲನ್ನೂ ಏಕಕಾಲಕ್ಕೆ ಕಂಡರೆ, ಇದು ಬೇರೆ ಅದು ಬೇರೆ ಎಂಬುದು ಅವಳ ಕಣ್ಣಿಗೆ ಮರಳಬಹುದು. ಖಚಿತವಿಲ್ಲ ಎಂದೂ ಹೇಳಿದರು.

ಫರ್ಜಾನಾ ನಮ್ಮ ಹಳೆ ಯಂತ್ರಗಳ ಸಂಗ್ರಹಾಲಯದಲ್ಲಿ ಕೆಲಸ ಮಾಡುವವರು. ಮುಖಕ್ಕೆ ಒತ್ತುವ ಸ್ಪಂಜು ಪುಡಿಯಾಗಿತ್ತು, ಹೊಸದನ್ನು ಅವರೇ ಕತ್ತರಿಸಿ ಕೂರಿಸಿದರು. ಕೆಲಸಕ್ಕೆ ಮೊದಲು ನಿಮ್ಮ ಕಾಲದ ಬಳಕೆದಾರರು ಬರೆದ ಇನ್ನೂರ ಹನ್ನೆರಡು ಅಭಿಪ್ರಾಯಗಳನ್ನು ಓದಿದ್ದರು. ಬರೆದವರಲ್ಲಿ ನೂರ ನಲವತ್ತು ಮಂದಿ ಸಂದನ್ನು ದೋಷವೆಂದು ದೂರಿದ್ದರು. ಒಳ್ಳೆಯ ಕೆಲಸಗಾರ್ತಿ ಮಾಡುವುದನ್ನೇ ಅವರು ಮಾಡಿದರು: ದೋಷ ಸರಿಪಡಿಸಿದರು. ಒಂದೆಳೆ ಬೆಳಕೂ ಒಳಗೆ ಹೋಗಲಿಲ್ಲ. ನೀಲಗಂಗಾ ಹನ್ನೊಂದು ನಿಮಿಷ ನೋಡಿ, ತೆಗೆದಿಟ್ಟು, ಒಳ್ಳೆ ಮುಸುಕಿನೊಳಗೆ ಈ ಕೆಟ್ಟ ಮುಸುಕನ್ನು ಯಾಕೆ ತೋರಿಸಿದಿರಿ ಎಂದು ಕೇಳಿದಳು. ಫರ್ಜಾನಾಗೆ ತಪ್ಪು ಹೊಳೆದದ್ದು ಆಗ. "ಅಣ್ಣಾ, ಚಲೋ ಮಾಡಾಕ ಹೋಗಿ ಮುಚ್ಚಿಬಿಟ್ಟೆ" ಎಂದು ಫೋನಿನಲ್ಲಿ ಅತ್ತರು. ನಾನು ಸಮಾಧಾನದ ಮಾತು ಆಡಬೇಕಿತ್ತು. ಯಂತ್ರ ಮತ್ತೆ ಬೆಳಗುತ್ತದೆಯೇ ಎಂದು ಕೇಳಿದೆ.

ಪರದೆ ಇನ್ನೊಂದು ಸಲ ಬೆಳಗಬಹುದು ಎಂದು ಅವರ ಅಂದಾಜು. ಭರವಸೆ ಕೊಡುತ್ತಿಲ್ಲ. ಸಂದು ಎಷ್ಟು ದೊಡ್ಡದಿತ್ತು ಎಂಬುದು ಯಾರಿಗೂ ತಿಳಿಯದು. ಚಿಕ್ಕದಾದರೆ ಕಾಲು ಕಾಣದು, ದೊಡ್ಡದಾದರೆ ಬೆಳಕಿಗೆ ಚಿತ್ರವೇ ತೊಳೆದುಹೋಗುತ್ತದೆ. ನೂರ ನಲವತ್ತು ಮಂದಿಯಲ್ಲಿ ಒಬ್ಬರೂ ಅಳತೆ ಬರೆದಿಲ್ಲ; ಸ್ವಲ್ಪ, ಜಾಸ್ತಿ, ಕಿರಿಕಿರಿಯಾಗುವಷ್ಟು ಎಂದಷ್ಟೇ ಬರೆದಿದ್ದಾರೆ.

ಆದ್ದರಿಂದ ನನ್ನ ಕೋರಿಕೆ. ಅಳತೆಪಟ್ಟಿ ತೆಗೆದುಕೊಂಡು ಆ ಸಂದನ್ನು ಅಳೆಯಿರಿ. ಅದರಿಂದ ಏನು ಕಾಣುತ್ತದೆ ಎಂಬುದನ್ನೂ ಬರೆಯಿರಿ: ಹೆಬ್ಬೆರಳೋ, ಚಾಪೆಯ ಅಂಚೋ, ನೆಲದ ಮೇಲಿಟ್ಟ ಚಹಾದ ಲೋಟವೋ. ಕಾಗದದಲ್ಲಿ, ಪೆನ್ಸಿಲಿನಿಂದ ಬರೆಯಿರಿ. ಶಾಯಿ ನಮ್ಮವರೆಗೆ ಉಳಿಯುವುದಿಲ್ಲ. ಅದನ್ನು ಯಂತ್ರ ಬಂದ ಪೆಟ್ಟಿಗೆಯ ತಳದ ತಟ್ಟೆಯ ಕೆಳಗೆ ಇಡಿ. ನಮ್ಮ ಯಂತ್ರದ ಪೆಟ್ಟಿಗೆ ಇಲ್ಲಿದೆ. ತಟ್ಟೆ ಅಂಟಿಕೊಂಡಿದೆ, ಇನ್ನೂ ಎತ್ತಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತಟ್ಟೆಯನ್ನು ಎತ್ತಲಾಗುವುದು. ಕಾಗದ ಸಿಗದಿದ್ದರೆ ಹತ್ತಕ್ಕೆ ಸ್ಪಂಜನ್ನು ಅಂದಾಜಿನ ಮೇಲೆ ಹನ್ನೊಂದು ಮಿಲಿಮೀಟರ್ ಕತ್ತರಿಸಲಾಗುವುದು. ನೀಲಗಂಗಾ ಹತ್ತೂವರೆಗೆ ಅದನ್ನು ಧರಿಸುತ್ತಾಳೆ. ಅರ್ಜಿಯ ವಿಚಾರಣೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ.