ಇಲ್ಲದ ನಾಯಿಯ ಪಾಲು

ಭಾನುವಾರ, ಜೂನ್ ೮

ಪ್ರೀತಿಯ ಗುಂಡನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಉತ್ತರ ಬರೆಯದೆ ತಿಂಗಳಾಯಿತು, ಬೈದುಕೋ. ಅಪ್ಪನ ಮನೆಗೆ ಹೋಗಿ ಬಂದ ಮೇಲೇ ಬರೆಯೋಣವೆಂದು ಕೂತಿದ್ದೆ. ನಿನ್ನೆ ಹೋಗಿದ್ದೆ. ಉಂಡೂ ಬಂದೆ. ‘ಆ ಹೆಂಗಸಿನ ಕೈಯಲ್ಲಿ ಉಂಡರೆ ಅಮ್ಮನನ್ನು ಮರೆತ ಹಾಗೆ’ ಅಂತ ನೀನು ಬರೆದಿದ್ದೆ. ಮುಖ ಸಿಂಡರಿಸದೆ ಪೂರ್ತಿ ಓದು. ಅಮ್ಮ ಹೋಗಿ ಆರು ವರ್ಷವಾಯಿತು. ಅಪ್ಪ ಈಗ ಮದುವೆಯಾದವರನ್ನು ನಾನು ಚಿಕ್ಕಮ್ಮ ಅಂತಲೇ ಕರೆಯುತ್ತೇನೆ.

ಪ್ರೆಸ್ಸಿನಲ್ಲಿ ಅಪ್ಪನಿಗೆ ಈಗ ಅರ್ಧ ಕೆಲಸ, ಅರ್ಧ ಸಂಬಳ. ಆದರೂ ವಾರಕ್ಕೊಮ್ಮೆ ಮಾಂಸ ತಪ್ಪುವುದಿಲ್ಲ. ಈ ಮದುವೆಗೆ ಮುಂಚೆ ಅಪ್ಪ ಅಂಗಡಿಯಲ್ಲಿ ಅಗ್ಗದ ಕತ್ತಿನ ತುಂಡು ಕೇಳಲು ನಾಚಿಕೊಂಡು "ನಮ್ಮ ನಾಯಿಗೆ" ಅನ್ನುತ್ತಿದ್ದರಂತೆ! ಅಂಗಡಿಯವನು ಪಾಪ, ನಾಯಿಯ ಯೋಗಕ್ಷೇಮ ವಿಚಾರಿಸುವನು. ಅಪ್ಪ ಅದಕ್ಕೊಂದು ಕುಂಟುಕಾಲನ್ನೂ ದಯಪಾಲಿಸಿದ್ದರು. ಚಿಕ್ಕಮ್ಮ ಮೊದಲ ಸಲ ಜೊತೆಗೆ ಹೋದಾಗ ಅವನು, "ನಾಯಿ ಹೇಗಿದೆ ಅಮ್ಮಾ, ಕುಂಟೋದು ಕಮ್ಮಿ ಆಯ್ತಾ?" ಅಂದನಂತೆ. ಅವರು ಅಪ್ಪನ ಮುಖ ನೋಡಿ, "ನಾಯಿ ಇಲ್ಲಪ್ಪ, ತಿನ್ನೋರು ನಾವೇ. ಒಳ್ಳೆ ಕತ್ತು ನೋಡಿ ಕೊಡು, ಮೂಳೆ ಪುಡಿಯಾಗದ ಹಾಗೆ ಕಡಿ," ಅಂದರಂತೆ. ಇದನ್ನು ಹೇಳುವಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವರು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಅಡುಗೆ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ತುಂಡುಗಳನ್ನು ಬಟ್ಟೆಯಲ್ಲಿ ಒರೆಸಿ, ಉಪ್ಪು ಸವರಿ, ಸಲಕ್ಕೆ ನಾಲ್ಕಾರರಂತೆ ಕೆಂಪಗೆ ಹುರಿದರು. ಎಲ್ಲ ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಳ್ಳುತ್ತದಂತೆ. ಅದೇ ಕೊಬ್ಬಿನಲ್ಲಿ ಈರುಳ್ಳಿ, ಆಮೇಲೆ ಟೊಮೆಟೊ, ಮೆಣಸು, ಮುಳುಗುವಷ್ಟು ಬಿಸಿನೀರು. ಮುಚ್ಚಳ, ಸಣ್ಣ ಉರಿ. ಇಷ್ಟಾದ ಮೇಲೆ ಬಟ್ಟೆ ಒಗೆದು ಹರವಿ, ಒಂದು ನಿದ್ದೆಯನ್ನೂ ಮುಗಿಸಿದರು ಮಹಾತಾಯಿ! ನಾನು ಚಡಪಡಿಸಿ ಉರಿ ಜೋರು ಮಾಡಲು ಹೋದರೆ, "ಕೈ ತೆಗಿ ಮಗಳೇ. ಗಟ್ಟಿ ಮಾಂಸ ಅವಸರ ಮಾಡಿದ್ರೆ ಮುನಿಸ್ಕೊಳ್ಳುತ್ತೆ," ಅಂದರು. ಸಂಜೆ ಹೊತ್ತಿಗೆ ಮೂಳೆ ತಾನಾಗಿ ಕಳಚಿಕೊಂಡಿತು. ಒಣಗಿದ ಬ್ರೆಡ್ಡನ್ನು ಆ ಸಾರಿನಲ್ಲೇ ಅದ್ದಿಕೊಟ್ಟರು. ನಾನು ನಾಚಿಕೆ ಬಿಟ್ಟು ಎರಡು ಸಲ ಹಾಕಿಸಿಕೊಂಡೆ.

ಬಡಿಸುತ್ತಾ, "ಗುಂಡನಿಗೆ ಮೂಳೆ ಇಷ್ಟಾನಾ?" ಅಂದರು. "ಪ್ರಾಣ," ಅಂದೆ. ಅಪ್ಪ ಬಾಗಿಲು ಸದ್ದಾದರೆ ಸಾಕು, ತಿರುಗಿ ನೋಡುತ್ತಾರೆ. ಮುಂದಿನ ಶನಿವಾರ ಬಾರೋ.

ನಿನ್ನ ಹೊಟ್ಟೆ ಸದಾ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗಿರಲಿಲ್ಲ. ತಟ್ಟೆ ತೊಳೆಯುತ್ತಾ ಅಮ್ಮನ ಸಾರಿನ ರುಚಿ ನೆನೆಸಿಕೊಳ್ಳಲು ನೋಡಿದೆ. ಬರಲಿಲ್ಲ. ಹುಳಿ ಮುಂದಿತ್ತೋ, ಖಾರವೋ, ಅದೂ ತಿಳಿಯಲಿಲ್ಲ. ನಲ್ಲಿ ಬಿಟ್ಟುಕೊಂಡು ಅತ್ತೆ. ಇದು ಚಿಕ್ಕಮ್ಮನಿಂದ ಆದದ್ದಲ್ಲ ಕಣೋ. ಯಾವತ್ತೋ ಹೋಗಿತ್ತು, ನನಗೆ ಗೊತ್ತಾಗಿರಲಿಲ್ಲ. ನಿನಗೆ ನೆನಪಿದ್ದರೆ ಬಂದು ಹೇಳು. ನೆನಪಿಲ್ಲದಿದ್ದರೂ ಬಾ.